ಗೋದಾಮಿಗೆ ‘ಗ್ಯಾಸ್ ಬಿಡೋದು’ ಅಂದ್ರೆ ಏನು? ತೊಗರಿ ಕಟ್ಟಿಟ್ಟವರು ತಿಳಿದಿರಬೇಕಾದ ಮಾಹಿತಿ

ಕಲಬುರಗಿ: ತೊಗರಿ ರಾಶಿ ಮುಗಿದ ಮೇಲೆ ಜಿಲ್ಲೆಯಲ್ಲಿ ಎರಡು ಥರದ ರೈತರು ಕಾಣಸಿಗ್ತಾರೆ. ಸಾಲ ತೀರಿಸಬೇಕು ಅಂತ ಕಣದಿಂದ ನೇರ ಗಂಜ್‌ಗೆ ಚೀಲ ಸಾಗಿಸುವವರು ಒಂದು ಕಡೆ. ‘ದರ ಏರಲಿ, ನೋಡೋಣ’ ಅಂತ ಮನೆಯಲ್ಲೋ ಗೋದಾಮಿನಲ್ಲೋ ಚೀಲ ಇಟ್ಟು ಕಾಯುವವರು ಇನ್ನೊಂದು ಕಡೆ. ಈ ಎರಡನೆಯವರಿಗೆ ದರದ ಜೊತೆಗೆ ಹುಳದ ಚಿಂತೆಯೂ ಇರುತ್ತೆ. ಬಿಸಿಲು ಏರಿದ ಹಾಗೆ ಚೀಲದ ಹೊಲಿಗೆ ಹತ್ತಿರ ಕಂದು ಬಣ್ಣದ ಸಣ್ಣ ಹುಳ ಓಡಾಡಿದ್ದು ಕಂಡರೆ ಊರಲ್ಲಿ ಸಿಗುವ ಮೊದಲ ಸಲಹೆ ಒಂದೇ: ‘ಗುಳಿಗಿ ಇಡ್ರಿ, ಎಲ್ಲಾ ಸಾಯ್ತಾವ’.

ಆ ಗುಳಿಗೆ ಹುಳವನ್ನು ಮಾತ್ರ ನೋಡಿ ಸಾಯಿಸಲ್ಲ. ದೇಶದ ಬೇರೆ ಬೇರೆ ಕಡೆ ಧಾನ್ಯದ ಚೀಲದ ಜೊತೆ ಒಂದೇ ಮನೆಯಲ್ಲಿ ಮಲಗಿದ್ದ ಮಕ್ಕಳು, ದೊಡ್ಡವರು ಇದರ ಗ್ಯಾಸ್‌ಗೆ ಸತ್ತಿರುವ ಸುದ್ದಿ ಮತ್ತೆ ಮತ್ತೆ ಬರ್ತಾನೇ ಇವೆ. ಇನ್ನೊಂದು ಕಡೆ ಇದೇ ಗುಳಿಗೆ ಇಲ್ಲದಿದ್ದರೆ ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಉಳಿಯೋದೂ ಕಷ್ಟ. ಹಾಗಾದ್ರೆ ಇದನ್ನು ಯಾರು, ಎಲ್ಲಿ, ಹೇಗೆ ಬಳಸಬೇಕು? ಗೋದಾಮಿನಲ್ಲಿ ಚೀಲ ಇಟ್ಟ ರೈತ ಏನು ಕೇಳಬಹುದು? ಮನೆಯಲ್ಲಿ ಇಟ್ಟವನು ಏನು ಮಾಡಬೇಕು?

ಹುಳ ಗೋದಾಮಿನಲ್ಲಿ ಹುಟ್ಟಲ್ಲ

‘ಗೋದಾಮು ಸರಿ ಇಲ್ಲ, ಅದಕ್ಕೇ ಹುಳ ಬಿತ್ತು’ ಅಂತ ಎಲ್ಲರೂ ಹೇಳ್ತಾರೆ. ತೊಗರಿ ವಿಷಯದಲ್ಲಿ ಇದು ಅರ್ಧ ಮಾತ್ರ ನಿಜ. ತೊಗರಿ, ಕಡಲೆ, ಹೆಸರು ಕಾಳುಗಳನ್ನು ಕೊರೆಯುವ ಪಲ್ಸ್ ಬೀಟಲ್ ಅನ್ನೋ ಹುಳ ಎಷ್ಟೋ ಸಲ ಹೊಲದಲ್ಲೇ ಬಂದಿರುತ್ತೆ. ಒಣಗುತ್ತಿರುವ ಕಾಯಿ ಮೇಲೆ ಮೊಟ್ಟೆ ಇಡುತ್ತೆ, ಮರಿ ಕೊರೆದುಕೊಂಡು ಕಾಳಿನ ಒಳಗೆ ಸೇರುತ್ತೆ, ರಾಶಿ ಜೊತೆ ಚೀಲಕ್ಕೆ ಬರುತ್ತೆ. ಹೊರಗಿನಿಂದ ನೋಡಿದ್ರೆ ಕಾಳು ಚೆನ್ನಾಗೇ ಕಾಣುತ್ತೆ.

ಗೋದಾಮಿನಲ್ಲಿ ನಡೆಯೋದು ಅದರ ಸಂತಾನ ಬೆಳೆಯುವ ಕೆಲಸ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ದೊಡ್ಡ ಹುಳ ಆಗೋಕೆ ಸುಮಾರು ನಾಲ್ಕು ವಾರ ಸಾಕು. ಒಂದು ಹೆಣ್ಣು ಹುಳ ಹತ್ತಿರ ಹತ್ತಿರ ನೂರು ಮೊಟ್ಟೆ ಇಡಬಲ್ಲದು. ಕಾಳಿನ ಸಿಪ್ಪೆ ಮೇಲೆ ಅಂಟಿದ ಸಣ್ಣ ಬಿಳಿ ಚುಕ್ಕೆಗಳು ಅದರ ಮೊಟ್ಟೆ. ಗುಂಡಗಿನ ತೂತು ಕಂಡರೆ ಅಲ್ಲಿಂದ ಹುಳ ಹೊರಬಿದ್ದಾಗಿದೆ ಅಂತ ಅರ್ಥ. ಹಾರಾಡುವ ದೊಡ್ಡ ಹುಳ ಕಾಳು ತಿನ್ನೋದೇ ಇಲ್ಲ, ತಿನ್ನೋದು ಒಳಗಿರುವ ಮರಿ. ಅದಕ್ಕೇ ಮೇಲೆ ಓಡಾಡುವ ಹುಳಕ್ಕೆ ಔಷಧಿ ಸಿಂಪಡಿಸಿದರೆ ಕಣ್ಣಿಗೆ ಸಮಾಧಾನ ಅಷ್ಟೇ, ಒಳಗಿನ ಮರಿಗೆ ಏನೂ ಆಗಲ್ಲ. ಕಾಳಿನ ಒಳಗೆ ಹೋಗಬಲ್ಲದ್ದು ಗ್ಯಾಸ್ ಮಾತ್ರ.

ಜೋಳ, ಗೋಧಿ, ಅಕ್ಕಿಗೆ ಬೀಳುವ ಹುಳಗಳು ಬೇರೆ. ಸೊಂಡಿಲಿನ ಮೂತಿ ಹುಳ, ಧಾನ್ಯ ಕೊರಕ, ಹಿಟ್ಟಿನ ಕೆಂಪು ಹುಳ, ಅಕ್ಕಿ ಪತಂಗ ಹೀಗೆ. ಗ್ಯಾಸ್ ಬಿಡುವ ಕ್ರಮ ಎಲ್ಲದಕ್ಕೂ ಹೆಚ್ಚು ಕಮ್ಮಿ ಒಂದೇ.

ಗುಳಿಗೆ ಬರೀ ಡಬ್ಬಿ, ಕೆಲಸ ಮಾಡೋದು ಗ್ಯಾಸ್

ಅಂಗಡಿಯವರು ಸೆಲ್ಫಾಸ್, ಕ್ವಿಕ್‌ಫಾಸ್ ಅಂತ ಬ್ರಾಂಡ್ ಹೆಸರಲ್ಲಿ ಕರೆಯುವ ಈ ಗುಳಿಗೆಯ ಒಳಗಿರೋದು ಅಲ್ಯೂಮಿನಿಯಂ ಫಾಸ್ಫೈಡ್. ಒಂದು ಗುಳಿಗೆ 3 ಗ್ರಾಂ ತೂಕ. ಡಬ್ಬಿ ತೆಗೆದಾಗ ಗಾಳಿಯಲ್ಲಿರುವ ತೇವ ತಗುಲಿ ನಿಧಾನಕ್ಕೆ ಫಾಸ್ಫೀನ್ ಅನ್ನೋ ವಿಷಗಾಳಿ ಬಿಡುತ್ತೆ, ಒಂದು ಗುಳಿಗೆಯಿಂದ 1 ಗ್ರಾಂನಷ್ಟು. ಕೊನೆಗೆ ಉಳಿಯೋದು ಬೂದಿ ಥರದ ಪುಡಿ. ಗ್ಯಾಸ್‌ಗೆ ಬಣ್ಣ ಇಲ್ಲ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತೆ ಅಂತಾರೆ, ಆದರೆ ವಾಸನೆಯನ್ನು ನಂಬಿಕೊಂಡು ಕೂರೋ ಹಾಗಿಲ್ಲ. ವಾಸನೆ ಹೋದ ಮೇಲೂ ಗ್ಯಾಸ್ ಉಳಿದಿರಬಹುದು.

ಈ ಗ್ಯಾಸ್‌ನ ಗುಣ ಏನಂದ್ರೆ, ಚೀಲದ ನೂಲಿನ ಸಂದಿಯಿಂದ, ಕಾಳಿನ ಸಿಪ್ಪೆಯಿಂದ ಒಳಗೆ ಇಳಿಯುತ್ತೆ. ಹಾಗೇನೇ ಬಾಗಿಲ ಸಂದಿಯಿಂದ, ಗೋಡೆ ಬಿರುಕಿನಿಂದ ಪಕ್ಕದ ಕೋಣೆಗೂ ಹೋಗುತ್ತೆ. ಹುಳ ಸಾಯೋದೂ ಮನುಷ್ಯ ಸಾಯೋದೂ ಒಂದೇ ಗುಣದಿಂದ. ಇನ್ನೊಂದು ವಿಷಯ, ಗುಳಿಗೆಗಳನ್ನು ಒಂದೇ ಕಡೆ ರಾಶಿ ಸುರಿದರೆ ಅಥವಾ ನೀರು ತಾಗಿದರೆ ಗ್ಯಾಸ್ ಒಮ್ಮೆಲೇ ಎದ್ದು ಬೆಂಕಿ ಹತ್ತಬಹುದು. ತಾಮ್ರ, ಹಿತ್ತಾಳೆಯನ್ನೂ ಇದು ತಿನ್ನುತ್ತೆ. ಅದಕ್ಕೆ ಗ್ಯಾಸ್ ಬಿಡುವ ಮೊದಲು ಎಲೆಕ್ಟ್ರಾನಿಕ್ ತಕ್ಕಡಿ, ಕಂಪ್ಯೂಟರ್ ಹೊರಗೆ ತರಬೇಕು.

ಗೋದಾಮಿನಲ್ಲಿ ಕೆಲಸ ನಡೆಯಬೇಕಾದ ರೀತಿ

ಗೋದಾಮಿನ ಭಾಷೆಯಲ್ಲಿ ಇದಕ್ಕೆ ಫ್ಯೂಮಿಗೇಷನ್ ಅಂತಾರೆ. ಸರಿಯಾದ ಕೆಲಸ ಗುಳಿಗೆಯಿಂದ ಶುರುವಾಗಲ್ಲ, ಚೀಲ ಜೋಡಿಸೋದರಿಂದ ಶುರುವಾಗುತ್ತೆ. ಚೀಲಗಳನ್ನು ನೆಲಕ್ಕೆ ತಾಗದ ಹಾಗೆ ಕಟ್ಟಿಗೆ ಹಲಗೆ ಮೇಲೆ ಇಡಬೇಕು. ಥಪ್ಪಿಗೂ ಗೋಡೆಗೂ ನಡುವೆ ಒಬ್ಬ ಆಳು ಸುತ್ತು ಬರುವಷ್ಟು ಜಾಗ ಬೇಕು. ಗೋಡೆಗೆ ಅಂಟಿಸಿ ಚೀಲ ಒಟ್ಟಿದ್ದರೆ ಅಲ್ಲಿ ಹೊದಿಕೆ ಇಳಿಬಿಡೋದಕ್ಕೇ ಆಗಲ್ಲ. ನನ್ನನ್ನು ಕೇಳಿದ್ರೆ, ಒಂದು ಗೋದಾಮು ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯೋಕೆ ಲೆಡ್ಜರ್ ನೋಡಬೇಕಾಗಿಲ್ಲ, ಥಪ್ಪಿ ಸುತ್ತ ಒಮ್ಮೆ ನಡೆದು ನೋಡಿದ್ರೆ ಸಾಕು.

ಆಮೇಲೆ ಥಪ್ಪಿ ಪೂರ್ತಿ ಮುಚ್ಚುವ ಹೊದಿಕೆ. ಸಾಮಾನ್ಯವಾಗಿ 200 ಮೈಕ್ರಾನ್ ಅಥವಾ ಅದಕ್ಕಿಂತ ದಪ್ಪದ ಪಾಲಿಥಿನ್ ಹಾಳೆ ಬಳಸ್ತಾರೆ. ಒಂದೇ ಒಂದು ಹರಿದ ಜಾಗ ಇದ್ದರೂ ಮೊದಲೇ ಟೇಪ್ ಹಚ್ಚಬೇಕು. ಹೊದಿಕೆಯ ಅಂಚು ನೆಲದ ಮೇಲೆ ಅರ್ಧ ಮೀಟರ್‌ನಷ್ಟು ಹರಡಿರಬೇಕು, ಅದರ ಮೇಲೆ ಮರಳು ತುಂಬಿದ ಉದ್ದನೆ ಚೀಲಗಳನ್ನು ಸುತ್ತಲೂ ಒತ್ತಾಗಿ ಇಡಬೇಕು. ಇವಕ್ಕೆ ‘ಸ್ಯಾಂಡ್ ಸ್ನೇಕ್’ ಅಂತ ಹೆಸರು, ನೋಡೋಕೂ ಹಾವಿನ ಥರಾನೇ ಇರುತ್ತೆ. ಅದು ಇಲ್ಲದ ಕಡೆ ಮಣ್ಣು ಮೆತ್ತುತ್ತಾರೆ. ನೆಲದಲ್ಲಿ ಬಿರುಕಿದ್ದರೆ ಅದನ್ನೂ ಮುಚ್ಚಬೇಕು, ಇಲ್ಲಾಂದ್ರೆ ಗ್ಯಾಸ್ ಕೆಳಗಿನಿಂದ ಜಾರಿ ಹೋಗುತ್ತೆ.

ಗುಳಿಗೆ ಲೆಕ್ಕ ಸರಳ. ಹೊದಿಕೆ ಹಾಕಿದ ಥಪ್ಪಿಗೆ ಒಂದು ಟನ್‌ಗೆ 3 ಗುಳಿಗೆ. 50 ಕೆಜಿಯ 2,000 ಚೀಲ ಇದ್ದರೆ 100 ಟನ್, ಅಂದ್ರೆ 300 ಗುಳಿಗೆ. ಅವನ್ನು ಚಿಕ್ಕ ಬಟ್ಟೆ ಚೀಲದಲ್ಲೋ ತಟ್ಟೆಯಲ್ಲೋ ಹರಡಿ ಥಪ್ಪಿಯ ಬೇರೆ ಬೇರೆ ಕಡೆ ಇಡ್ತಾರೆ. ಹೊದಿಕೆಯ ಉಳಿದ ಕಡೆ ಎಲ್ಲ ಮೊದಲೇ ಬಿಗಿ ಮಾಡಿಕೊಂಡು, ಗುಳಿಗೆ ಇಟ್ಟ ತಕ್ಷಣ ಕೊನೆಯ ಅಂಚು ಮುಚ್ಚಿ ಹೊರಗೆ ಬರಬೇಕು. ಡಬ್ಬಿ ತೆಗೆದ ಗಳಿಗೆಯಲ್ಲೇ ಪೂರಾ ಗ್ಯಾಸ್ ಬರಲ್ಲ, ಸ್ವಲ್ಪ ಹೊತ್ತು ಸಿಗುತ್ತೆ. ಆ ಸ್ವಲ್ಪ ಹೊತ್ತೇ ಕೆಲಸಗಾರನಿಗೆ ಇರುವ ಸಮಯ, ಆ ಹೊತ್ತಲ್ಲಿ ಬೀಡಿ, ಚಹಾ, ಫೋನ್ ಏನೂ ಬೇಡ. ಕೈಗೆ ಒಣ ಗ್ಲೌಸ್ ಬೇಕು, ಮುಖಕ್ಕೆ ಫಾಸ್ಫೀನ್‌ಗೆ ಹೊಂದುವ ಕ್ಯಾನಿಸ್ಟರ್ ಇರುವ ಪೂರ್ಣ ಮಾಸ್ಕ್ ಬೇಕು. ಟವೆಲ್ ಸುತ್ತಿಕೊಂಡರೆ ಧೂಳು ತಡೀಬಹುದು, ಗ್ಯಾಸ್ ತಡಿಯಲ್ಲ. ಈ ಕೆಲಸಕ್ಕೆ ಒಬ್ಬನೇ ಹೋಗೋ ಹಾಗೂ ಇಲ್ಲ, ಕನಿಷ್ಠ ಇಬ್ಬರು ಇರಬೇಕು.

ಬಾಗಿಲಿಗೆ ಬೀಗ, ಬೀಗದ ಮೇಲೆ ಎಚ್ಚರಿಕೆ ಫಲಕ. ಅದರಲ್ಲಿ ಯಾವ ಗ್ಯಾಸ್, ಯಾವ ದಿನ ಬಿಟ್ಟಿದ್ದು, ಯಾವ ದಿನ ತೆಗೆಯೋದು, ಜವಾಬ್ದಾರಿ ಯಾರದು, ಫೋನ್ ನಂಬರ್ ಏನು ಅಂತ ಇರಬೇಕು. ತಲೆಬುರುಡೆ ಚಿತ್ರ ಇರಲೇಬೇಕು. ನಮ್ಮ ಕಡೆ ಗೋದಾಮುಗಳಲ್ಲಿ ದುಡಿಯುವ ಹಮಾಲರು, ಕಾವಲುಗಾರರು ಎಲ್ಲರಿಗೂ ಕನ್ನಡ ಓದೋಕೆ ಬರುತ್ತೆ ಅಂತೇನಿಲ್ಲ, ಕೆಲವರು ಬೇರೆ ರಾಜ್ಯದಿಂದ ಬಂದವರು. ಕಾವಲುಗಾರನ ಕುಟುಂಬ ಗೋದಾಮಿಗೆ ಅಂಟಿದ ಕೋಣೆಯಲ್ಲೇ ವಾಸ ಮಾಡೋದೂ ಉಂಟು. ಗ್ಯಾಸ್ ಇರುವಷ್ಟು ದಿನ ಆ ಕೋಣೆಯಲ್ಲಿ ಯಾರೂ ಮಲಗಬಾರದು. ಚೀಲದ ಲೆಕ್ಕ ಎಲ್ಲರೂ ಇಡ್ತಾರೆ, ಆ ಕೋಣೆಯಲ್ಲಿ ಎಷ್ಟು ಮಂದಿ ಮಲಗಿದಾರೆ ಅನ್ನೋ ಲೆಕ್ಕ ಯಾರ ಪುಸ್ತಕದಲ್ಲೂ ಕಾಣಲ್ಲ.

ಅವಧಿ ಮುಗಿದ ಮೇಲೆ ಮೊದಲು ಗೋದಾಮಿನ ಬಾಗಿಲು, ಕಿಟಕಿ ತೆಗೀಬೇಕು. ಆಮೇಲೆ ಹೊದಿಕೆಯ ಮೂಲೆಗಳನ್ನು ಸ್ವಲ್ಪ ಎತ್ತಿ ಗಾಳಿ ಆಡಲು ಬಿಟ್ಟು, ನಂತರ ಪೂರ್ತಿ ತೆಗೆಯೋದು. ಇದಕ್ಕೆ ಒಂದು ದಿನವಾದರೂ ಬೇಕು. ಗ್ಯಾಸ್ ಮೀಟರ್ ಹಿಡಿದು ನೋಡಿ 0.3 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತಲೂ ಕಮ್ಮಿ ಬಂದ ಮೇಲೆ ಮಾತ್ರ ಹಮಾಲರನ್ನು ಒಳಗೆ ಬಿಡಬೇಕು. ‘ವಾಸನೆ ಇಲ್ಲ, ನಡೀರಿ’ ಅನ್ನೋದು ಅಳತೆ ಅಲ್ಲ.

ಉಳಿದ ಪುಡಿಯಲ್ಲೂ ಸ್ವಲ್ಪ ಗ್ಯಾಸ್ ಬಾಕಿ ಇರುತ್ತೆ. ಅದನ್ನು ಗುಡಿಸಿ ಡಬ್ಬಿಯಲ್ಲಿ ಮುಚ್ಚಿ ಇಡಬಾರದು, ಚರಂಡಿಗೆ ಹಾಕಬಾರದು. ಬಯಲಲ್ಲಿ ಸೋಪಿನ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಆಮೇಲೆ ನೀರಿನ ಮೂಲದಿಂದ ದೂರ ಆಳದ ಗುಂಡಿಯಲ್ಲಿ ಹೂಳಬೇಕು. ಖಾಲಿ ಡಬ್ಬಿಗೆ ತೂತು ಹೊಡೆದು ಹಾಳು ಮಾಡಬೇಕು. ಅಲ್ಯೂಮಿನಿಯಂ ಡಬ್ಬಿ ಗಟ್ಟಿಮುಟ್ಟಾಗಿರುತ್ತೆ, ಯಾರಾದ್ರೂ ಮನೆಗೆ ಒಯ್ದು ಉಪ್ಪು, ಖಾರ ಹಾಕಿಡುವ ಅಪಾಯ ಇದೆ.

ಏಳು ದಿನದ ಲೆಕ್ಕ

ಮೂರನೇ ದಿನ ಹೊದಿಕೆ ಎತ್ತಿ ನೋಡಿದ್ರೆ ಓಡಾಡುವ ಹುಳ ಎಲ್ಲ ಸತ್ತಿರುತ್ತೆ. ಅವತ್ತೇ ಕೆಲಸ ಮುಗಿಸಿಬಿಡೋಣ ಅನಿಸೋದು ಸಹಜ, ಲಾರಿ ಬಂದು ನಿಂತಿದ್ದರಂತೂ ಕೇಳೋದೇ ಬೇಡ. ಆದರೆ ಮೊಟ್ಟೆ ಮತ್ತು ಕೋಶದ ಹಂತದಲ್ಲಿರುವ ಹುಳ ಉಸಿರಾಡೋದು ಬಹಳ ಕಮ್ಮಿ, ಗ್ಯಾಸ್ ಅದರ ಒಳಗೆ ಹೋಗೋದೂ ಕಮ್ಮಿ. ಆ ಮೊಟ್ಟೆ ಒಡೆದು ಮರಿಯಾಗುವವರೆಗೆ, ಮೆತ್ತಗಿನ ಹಂತಕ್ಕೆ ಬರುವವರೆಗೆ ಗ್ಯಾಸ್ ಹಿಡಿದಿಟ್ಟಿರಬೇಕು. ಅದಕ್ಕೇ ಏಳು ದಿನ. ಗುಳಿಗೆ ಎರಡರಷ್ಟು ಹಾಕಿ ಮೂರು ದಿನದಲ್ಲಿ ಮುಗಿಸ್ತೀನಿ ಅನ್ನೋ ಲೆಕ್ಕ ಫಾಸ್ಫೀನ್ ಹತ್ರ ನಡೆಯಲ್ಲ. ಇಲ್ಲಿ ಪ್ರಮಾಣಕ್ಕಿಂತ ಸಮಯ ದೊಡ್ಡದು.

ಅರೆಬರೆ ಕೆಲಸದಿಂದ ಇನ್ನೂ ದೊಡ್ಡ ನಷ್ಟ ಇದೆ. ಬದುಕಿ ಉಳಿದ ಹುಳ ಸ್ವಲ್ಪ ಗ್ಯಾಸ್ ತಡೆಯಬಲ್ಲ ಹುಳ. ಅದರ ಮರಿ ಇನ್ನಷ್ಟು ತಡೆಯುತ್ತೆ. 1970ರ ದಶಕದಲ್ಲೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ನಡೆಸಿದ ಜಾಗತಿಕ ಸಮೀಕ್ಷೆಯಲ್ಲಿ ಫಾಸ್ಫೀನ್‌ಗೆ ಬಗ್ಗದ ಹುಳಗಳು ಪತ್ತೆಯಾಗಿದ್ದವು. 1980ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಆಹಾರ ಗೋದಾಮುಗಳಲ್ಲಿ ಗ್ಯಾಸ್ ಬಿಟ್ಟರೂ ಹುಳ ಸಾಯದೇ ಇದ್ದದ್ದನ್ನು ಪರಿಶೀಲಿಸಿದಾಗ ಗ್ಯಾಸ್ ಸೋರಿಹೋಗುವ ಅರೆಬರೆ ಕ್ರಮವೂ ಕಾರಣ ಅಂತ ಕಂಡುಬಂತು. ಈಗ ಭಾರತದಲ್ಲೂ ಹಿಟ್ಟಿನ ಕೆಂಪು ಹುಳ, ಧಾನ್ಯ ಕೊರಕ ಈ ಎರಡರಲ್ಲಿ ಗಟ್ಟಿ ನಿರೋಧ ಶಕ್ತಿ ವರದಿಯಾಗಿದೆ. ಫಾಸ್ಫೀನ್ ಕೈಕೊಟ್ಟರೆ ಅಷ್ಟೇ ಅಗ್ಗದ, ಅಷ್ಟೇ ಸುಲಭದ ಇನ್ನೊಂದು ಗ್ಯಾಸ್ ಗೋದಾಮಿನವರ ಕೈಯಲ್ಲಿ ಇಲ್ಲ.

ಇನ್ನೊಂದು ತಪ್ಪು ತಿಳುವಳಿಕೆ: ಒಮ್ಮೆ ಗ್ಯಾಸ್ ಬಿಟ್ಟರೆ ವರ್ಷವಿಡೀ ರಕ್ಷಣೆ ಅನ್ನೋದು. ಹೊದಿಕೆ ತೆಗೆದ ಮರುದಿನವೇ ಪಕ್ಕದ ಥಪ್ಪಿಯಿಂದ ಹೊಸ ಹುಳ ಬರಬಹುದು. ಅದಕ್ಕೇ ಗೋದಾಮಿನವರು ಗೋಡೆ, ನೆಲ, ಚೀಲದ ಹೊರಮೈಗೆ ಮೆಲಾಥಿಯಾನ್ ಅಥವಾ ಡೆಲ್ಟಾಮೆಥ್ರಿನ್ ದ್ರಾವಣವನ್ನು ಅವಧಿಗೆ ತಕ್ಕ ಹಾಗೆ ಸಿಂಪಡಿಸ್ತಾರೆ. ಅದು ಬಾಗಿಲು ಕಾಯುವ ಕೆಲಸ, ಇದು ಒಳಗೆ ಸೇರಿದವರನ್ನು ಹೊರಹಾಕುವ ಕೆಲಸ.

ಮನೆಯಲ್ಲಿ ಯಾಕೆ ಇಡಬಾರದು: ಒಂದು ಸಣ್ಣ ಲೆಕ್ಕ

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆ ಅಂದುಕೊಳ್ಳಿ. ಒಳಗಿನ ಗಾಳಿ ಸುಮಾರು 28 ಘನ ಮೀಟರ್. ಒಂದೇ ಗುಳಿಗೆಯ 1 ಗ್ರಾಂ ಗ್ಯಾಸ್ ಇಲ್ಲಿ ಪೂರ್ತಿ ಹರಡಿದರೆ ಹತ್ತಿರ ಹತ್ತಿರ 25 ಪಿಪಿಎಂ ಆಗುತ್ತೆ. ಎರಡು ಗುಳಿಗೆಗೆ 50. ಜೀವಕ್ಕೆ ತಕ್ಷಣದ ಅಪಾಯ ಅಂತ ಅಂತಾರಾಷ್ಟ್ರೀಯವಾಗಿ ಬಳಸುವ ಮಿತಿ ಇದೇ 50 ಪಿಪಿಎಂ. ಹತ್ತು ಕ್ವಿಂಟಲ್ ತೊಗರಿಗೆ ಗೋದಾಮಿನ ಲೆಕ್ಕದ ಹಾಗೆ ಮೂರು ಗುಳಿಗೆ ಇಟ್ಟರೆ ಆ ಮಿತಿ ದಾಟಿಯೇ ಬಿಟ್ಟಿರಿ. ಮನೆಯಲ್ಲಿ ಥಪ್ಪಿಗೆ ಹೊದಿಕೆ ಇಲ್ಲ, ಮರಳಿನ ಚೀಲ ಇಲ್ಲ. ಗ್ಯಾಸ್ ಚೀಲದಲ್ಲೇ ಕೂರೋದೂ ಇಲ್ಲ. ಹೀಗಾಗಿ ಹುಳ ಸಾಯುವಷ್ಟು ದಿನ ಗ್ಯಾಸ್ ನಿಲ್ಲಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಅಪಾಯ ಆಗುವಷ್ಟು ಮಾತ್ರ ಹೋಗುತ್ತೆ.

ಕಾನೂನಿನಲ್ಲೂ ಇದಕ್ಕೆ ಜಾಗ ಇಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಅಲ್ಯೂಮಿನಿಯಂ ಫಾಸ್ಫೈಡ್ ನಿರ್ಬಂಧಿತ ಪಟ್ಟಿಯಲ್ಲಿದೆ. ಸರ್ಕಾರಿ ಸಂಸ್ಥೆಗಳು ಮತ್ತು ಪರವಾನಗಿ ಪಡೆದ ಕೀಟ ನಿಯಂತ್ರಕರು, ಅದೂ ಮಾನ್ಯತೆ ಪಡೆದ ಪರಿಣತರ ಉಸ್ತುವಾರಿಯಲ್ಲಿ ಮಾತ್ರ ಬಳಸಬಹುದು. ಮನೆ ಬಳಕೆಗೆ ಸುಲಭವಾಗಿ ಸಿಗುತ್ತಿದ್ದ 10 ಮತ್ತು 20 ಗುಳಿಗೆಯ ಟ್ಯೂಬ್ ಪ್ಯಾಕ್‌ಗಳನ್ನು 2001ರಲ್ಲೇ ಪೂರ್ತಿ ನಿಷೇಧಿಸಲಾಗಿದೆ. ಅಂದ್ರೆ ಅಂಗಡಿಯವನು ಪೊಟ್ಟಣ ಕಟ್ಟಿ ‘ನಾಲ್ಕು ಗುಳಿಗಿ ತಗೊಂಡು ಹೋಗ್ರಿ’ ಅಂತ ಬಿಡಿಯಾಗಿ ಕೊಟ್ಟರೆ ಅದು ನಿಯಮ ಮೀರಿದ ಮಾರಾಟವೇ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬಹುದು.

ಗ್ಯಾಸ್ ಬಿಡುವ ಪರವಾನಗಿ ಪಡೆಯೋಕೆ ತರಬೇತಿ ಬೇಕು. ಮೈಸೂರಿನ ಸಿಎಫ್‌ಟಿಆರ್‌ಐ, ಹೈದರಾಬಾದಿನ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ, ಉತ್ತರ ಪ್ರದೇಶದ ಹಾಪುರದ ಧಾನ್ಯ ಸಂಗ್ರಹ ಸಂಸ್ಥೆ ಇದಕ್ಕೆ ಹೆಸರಾದ ಕಡೆಗಳು. ರಸಾಯನಶಾಸ್ತ್ರ ಓದಿದ ಬಿಎಸ್ಸಿ ಅಥವಾ ಕೃಷಿ ಪದವಿ ಆದವರು ತರಬೇತಿ ಮುಗಿಸಿ ಈ ಕೆಲಸಕ್ಕೆ ಬರಬಹುದು. ಡಿಗ್ರಿ ಕೈಯಲ್ಲಿಟ್ಟುಕೊಂಡು ಊರಲ್ಲೇ ಕೆಲಸ ಹುಡುಕುವ ಹುಡುಗರಿಗೆ ಇದನ್ನು ಯಾರೂ ಹೇಳೋದೇ ಇಲ್ಲ.

ಹಗೇವು ಕಲಿಸಿದ ಪಾಠ ಮನೆಗೆ ಸಾಕು

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡ್ತಿದ್ದರು. ನೆಲದಡಿಯ ಆ ಕುಣಿಯ ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಗಾಳಿಯಲ್ಲಿದ್ದ ಆಮ್ಲಜನಕವನ್ನು ಕಾಳು ಮತ್ತು ಹುಳಗಳೇ ಉಸಿರಾಡಿ ಮುಗಿಸ್ತಿದ್ದವು, ಆಮೇಲೆ ಹುಳ ಉಸಿರು ಕಟ್ಟಿ ಸಾಯ್ತಿತ್ತು. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು, ಮೊದಲು ಗಾಳಿ ಆಡಬೇಕು ಅನ್ನೋ ನಿಯಮ ಇದ್ದದ್ದು ಅದಕ್ಕೇ. ವಿಷ ಹಾಕದೆಯೇ ಆಗುತ್ತಿದ್ದ ಫ್ಯೂಮಿಗೇಷನ್ ಅದು.

ಅದೇ ತತ್ವದ ಮೇಲೆ ಈಗ ಗಾಳಿಯಾಡದ ಚೀಲಗಳು ಬಂದಿವೆ. ಒಳಗೆ ಎರಡು ಪದರ ಪಾಲಿಥಿನ್, ಹೊರಗೆ ಒಂದು ನೇಯ್ದ ಚೀಲ ಇರುವ ಮೂರು ಪದರದ ಚೀಲವನ್ನು ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ವಿಜ್ಞಾನಿಗಳು ತೊಗರಿ ಮೇಲೆಯೇ ಪರೀಕ್ಷಿಸಿ, ಹುಳದ ಕಾಟ ತಡೆಯುತ್ತೆ ಅಂತ ಕಂಡುಕೊಂಡಿದ್ದಾರೆ. ಕಾಳು ಚೆನ್ನಾಗಿ ಒಣಗಿರಬೇಕು, ಬಾಯಿ ಬಿಗಿಯಾಗಿ ಕಟ್ಟಬೇಕು, ದಿನಾ ತೆಗೆದು ನೋಡೋ ಚಟ ಬಿಡಬೇಕು. ಇಲಿ ಕಡಿದು ಒಂದು ತೂತು ಬಿದ್ದರೂ ಕೆಲಸ ಕೆಟ್ಟಿತು.

ಸ್ವಲ್ಪ ಕಾಳಾದರೆ ಹಳೇ ದಾರಿಗಳೇ ಸಾಕು. ನಮ್ಮ ಬೇಸಿಗೆ ಬಿಸಿಲಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಜರಡಿ ಹಿಡಿದು, ತಣ್ಣಗಾದ ಮೇಲೆ ತುಂಬಬೇಕು. ಬೀಜಕ್ಕೆ ಇಟ್ಟುಕೊಳ್ಳುವ ಅಥವಾ ಮನೆ ಬಳಕೆಯ ತೊಗರಿಗೆ ಕೆಜಿಗೆ 5 ಎಂಎಲ್‌ನಷ್ಟು ಅಡುಗೆ ಎಣ್ಣೆ ಸವರಿದರೆ ಹುಳ ಇಟ್ಟ ಮೊಟ್ಟೆ ಬದುಕಲ್ಲ. ಮನೆಗೆ ಬೇಕಾದಷ್ಟನ್ನು ಬೇಳೆ ಮಾಡಿಸಿಬಿಟ್ಟರೆ ಇನ್ನೂ ಸುಲಭ, ಈ ಹುಳಕ್ಕೆ ಇಡೀ ಕಾಳೇ ಇಷ್ಟ. ಹಳೇ ಗೋಣಿ ಚೀಲವನ್ನು ಹಾಗೇ ಮತ್ತೆ ತುಂಬಬೇಡಿ, ಅದರ ನೂಲಿನ ಸಂದಿಯಲ್ಲೇ ಹೋದ ವರ್ಷದ ಹುಳ ಕೂತಿರುತ್ತೆ.

2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ತೊಗರಿ ನಮ್ಮದು. ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 8,000 ರೂ. ಆದರೆ ಖರೀದಿ ಕೇಂದ್ರದಲ್ಲಿ ತೇವ ಮತ್ತು ಹುಳುಕು ಕಾಳು ಎರಡನ್ನೂ ನೋಡ್ತಾರೆ, ತೇವ ಶೇ 12 ದಾಟಬಾರದು. ಕಾದು ಕೂತು ಹುಳ ಹಿಡಿಸಿದ ತೊಗರಿಗೆ ಆ ದರದ ಮಾತೇ ಬರಲ್ಲ.

ಗೋದಾಮಿನವರನ್ನು ಏನು ಕೇಳಬೇಕು

ಉಗ್ರಾಣ ನಿಗಮದ್ದಾಗಲಿ, ಸೊಸೈಟಿಯದ್ದಾಗಲಿ, ಖಾಸಗಿಯವರದ್ದಾಗಲಿ, ಬಾಡಿಗೆ ಕೊಟ್ಟು ಚೀಲ ಇಟ್ಟವರಿಗೆ ಕೇಳುವ ಹಕ್ಕಿದೆ. ಕೊನೆಯ ಸಲ ಗ್ಯಾಸ್ ಬಿಟ್ಟದ್ದು ಯಾವಾಗ, ಎಷ್ಟು ದಿನ ಮುಚ್ಚಿತ್ತು, ಮಾಡಿದವರ ಪರವಾನಗಿ ಎಲ್ಲಿ, ತೆಗೆದಾಗ ಮೀಟರ್ ಎಷ್ಟು ತೋರಿಸ್ತು. ಒಳ್ಳೆ ಗೋದಾಮಿನಲ್ಲಿ ಇದೆಲ್ಲ ರಿಜಿಸ್ಟರ್‌ನಲ್ಲಿ ಬರೆದಿರುತ್ತೆ, ತೋರಿಸೋಕೆ ಎರಡು ನಿಮಿಷ. ‘ಅದೆಲ್ಲಾ ನಿಮಗ್ಯಾಕ್ರಿ’ ಅಂದ್ರೆ ಚೀಲ ಬೇರೆ ಕಡೆ ಇಡೋದು ವಾಸಿ.

ಮ್ಯಾನ್ಮಾರ್, ಆಫ್ರಿಕಾ ಕಡೆಯಿಂದ ಹಡಗಿನಲ್ಲಿ ಬರುವ ತೊಗರಿಗೆ ಬೇರೆ ಕ್ರಮ ಇದೆ. ಅಲ್ಲಿ ಮೀಥೈಲ್ ಬ್ರೋಮೈಡ್ ಅನ್ನೋ ಗ್ಯಾಸ್ ಬಳಕೆ ಇನ್ನೂ ಉಳಿದಿದೆ. ಅದು ಓಝೋನ್ ಪದರಕ್ಕೆ ಹಾನಿ ಮಾಡುವ ಕಾರಣ ಬೇರೆಲ್ಲ ಬಳಕೆಯಿಂದ ತೆಗೆದು, ಆಮದು ರಫ್ತಿನ ಸಸ್ಯ ಸುರಕ್ಷತೆಯ ಕೆಲಸಕ್ಕೆ ಮಾತ್ರ ಉಳಿಸಿಕೊಂಡಿದ್ದಾರೆ. ನಮ್ಮ ಗೋದಾಮುಗಳಿಗೆ ಅದು ಬರಲ್ಲ.

ಗ್ಯಾಸ್ ತಗುಲಿದರೆ

ತಲೆನೋವು, ತಲೆಸುತ್ತು, ವಾಂತಿ, ಎದೆ ಬಿಗಿತ, ಉಸಿರು ಕಟ್ಟಿದ ಹಾಗೆ ಆಗೋದು ಇದರ ಲಕ್ಷಣ. ನೋಡೋಕೆ ಊಟ ಕೆಟ್ಟು ಆದ ವಾಂತಿ ಥರಾನೇ ಇರುತ್ತೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ, ಒಳಗೆ ಗುಳಿಗೆ ಇಟ್ಟಿದ್ದು ನೆನಪಾದರೆ, ಎಲ್ಲರನ್ನೂ ತಕ್ಷಣ ಬಯಲಿಗೆ ತನ್ನಿ. ಬಾಗಿಲು ತೆಗೆದಿಡಿ, ಗುಳಿಗೆ ಹುಡುಕೋಕೆ ಮತ್ತೆ ಒಳಗೆ ಹೋಗಬೇಡಿ, ಅದರ ಮೇಲೆ ನೀರು ಸುರಿಯಬೇಡಿ. ಗೋದಾಮಿನ ಒಳಗೆ ಯಾರಾದ್ರೂ ಬಿದ್ದಿದ್ದರೆ ಸಿಲಿಂಡರ್ ಇರುವ ಉಸಿರಾಟದ ಸಾಧನ ಇಲ್ಲದೆ ಎಳೆಯೋಕೆ ನುಗ್ಗಬೇಡಿ, ಎರಡನೇ ಸಾವು ಆಗೋದು ಹಾಗೇನೇ. 108ಕ್ಕೆ ಫೋನ್ ಮಾಡಿ.

ಈ ವಿಷಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯಲ್ಲಿ ಕೊಡೋದು ಉಸಿರು, ಹೃದಯ, ರಕ್ತದೊತ್ತಡ ಹಿಡಿದು ನಿಲ್ಲಿಸುವ ಚಿಕಿತ್ಸೆ. ಅದಕ್ಕೇ ಡಾಕ್ಟರ್ ಹತ್ರ ‘ವಾಂತಿ ಆಗ್ತಿದೆ’ ಅಂತ ಹೇಳಿ ಸುಮ್ಮನಾಗಬೇಡಿ. ‘ಮನೆಯಲ್ಲಿ ಧಾನ್ಯಕ್ಕೆ ಗುಳಿಗೆ ಇಟ್ಟಿದ್ವಿ’ ಅಂತ ಮೊದಲ ಮಾತಲ್ಲೇ ಹೇಳಿ. ಕಾನೂನಿಗೆ ಹೆದರಿ ಈ ಮಾತು ಮುಚ್ಚಿಟ್ಟರೆ ಚಿಕಿತ್ಸೆ ಬೇರೆ ದಾರಿ ಹಿಡಿಯುತ್ತೆ. ಸದ್ಯ ಆರಾಮ ಅನಿಸಿದರೂ ಮಕ್ಕಳನ್ನು ಒಂದು ದಿನವಾದ್ರೂ ಆಸ್ಪತ್ರೆಯಲ್ಲಿ ನಿಗಾದಲ್ಲಿ ಇಡಿ, ಶ್ವಾಸಕೋಶಕ್ಕೆ ನೀರು ತುಂಬುವ ತೊಂದರೆ ಕೆಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು.